ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ಕೂತ ದಿನಗಳು

ನಮ್ಮೆಜಮಾನ್ರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯ್ತು. ಬಲಗಾಲೂ ಒಂದು ಚೂರು ಎಳೆಯೋದು. ಬಾಯಿಗೆ ಏನೂ ಆಗಲಿಲ್ಲ, ಬೈಗುಳ ಮೊದಲಿನಂಗೇ ಬರ್ತಿತ್ತು. ಕೈ ಮಾತ್ರ ಗೋಡೆಗೆ ಒರಗಿಸಿದ ಹಾರೆ ಥರ, ಇಟ್ಟ ಕಡೆ ಇರೋದು.

ಎಡಗೈಲಿ ಉಣ್ಣೋಕೆ ಒಪ್ಪಲಿಲ್ಲ. ಚಮಚ ಕೊಟ್ಟರೆ, ಮುದ್ದೆಗೆ ಚಮಚ ಹಾಕ್ತಾರಾ ಅಂತ ಮುಖ ತಿರುಗಿಸಿದರು. ನಾನೇ ಮುರಿದು, ಸಾರಲ್ಲಿ ಅದ್ದಿ, ಬಾಯಿಗಿಡಬೇಕು. ಮನೆಗೆ ಯಾರಾದರೂ ಬಂದರಂತೂ ಹಸಿವಿಲ್ಲ ಅನ್ನೋರು. ಮೈ ಇಳಿದುಹೋಯ್ತು. ತನ್ನ ಕೈಲಿ ತಾನು ಉಣ್ಣದಿದ್ದರೆ ಈ ಮನುಷ್ಯ ಉಳಿಯಲ್ಲ ಅಂತ ನನಗೆ ಗೊತ್ತಾಗಿತ್ತು.

ಮಗನ ಮಗಳು ಮಂಡ್ಯದಲ್ಲಿ ಓದ್ತಾಳೆ. ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸೋ ಓದು. ಅವಳು ಮೇಷ್ಟ್ರನ್ನ ಕೇಳಿ ಆ ಡಬ್ಬಿ ತಂದಳು. ವಿ.ಆರ್. ಹೆಡ್‌ಸೆಟ್ ಅಂತಾರೆ. ಕಣ್ಣಿಗೆ ಕಟ್ಟಿದರೆ ಮನೆ ಕಾಣಲ್ಲ, ಇನ್ಯಾವುದೋ ಜಾಗ ಕಾಣುತ್ತೆ. ಇವರಿಗೆ ಸೀಬೆ ತೋಟ. ಕೈ ಎತ್ತಿ ಹಣ್ಣು ಕಿತ್ತು ಪುಟ್ಟಿಗೆ ಹಾಕಬೇಕು. ನಾನೂ ಕಟ್ಟಿ ನೋಡಿದೆ. ತಲೆ ಸುತ್ತಿತು, ತೆಗೆದೆ.

ಹುಡುಗಿ ಬಲು ಕಟ್ಟುನಿಟ್ಟು. ನಡುಮನೆಯಿಂದ ಮಣೆ, ಈಳಿಗೆ, ನೀರಿನ ಕೊಡ ಎಲ್ಲ ಎತ್ತಿಸಿದಳು. ಕೈ ಇರೋ ಕುರ್ಚಿ ಹಾಕಿ ಕೆಳಗೆ ಗೋಣಿಚೀಲ ಹಾಸಿದಳು. ಪಾದಕ್ಕೆ ಗೋಣಿ ತಗುಲುತ್ತಿದ್ದರೆ ಜಾಗದಲ್ಲೇ ಇದ್ದೀನಿ ಅಂತ ತಿಳಿಯುತ್ತಂತೆ. ಎದುರಿಗೆ ಫ್ಯಾನು ಇಟ್ಟಳು, ಗಾಳಿ ಬಂದ ಕಡೆಯೇ ಮುಂದು ಅಂತ ಗುರುತಿಗೆ. ತಲೆಪಟ್ಟಿ ಬಿಗಿ ಮಾಡಬಾರದು. ಉಂಡ ಕೂಡಲೇ ಕಟ್ಟಬಾರದು. ತಲೆ ಸುತ್ತಿದರೆ ಅರ್ಧ ಆಟದಲ್ಲೂ ತೆಗೆಯಬೇಕು. ಅದರ ಗಾಜನ್ನ ಬೆಳಕಿಂಡಿ ಬಿಸಿಲಿಗೆ ಇಡಬಾರದು. ನಾನು ಪಕ್ಕದಲ್ಲೇ ನಿಂತಿರಬೇಕು.

"ತಾತ, ಇದನ್ನ ಕಟ್ಟಿರೋಗಂಟ ಎದ್ದೇಳ್ಬಾರ್ದು. ಬೆಂಕಿ ಬಿದ್ರೂ ಕೂತಿರು, ಅಜ್ಜಿ ನೋಡ್ಕೋತಾಳೆ."

"ಬೆಂಕಿ ಬಿದ್ರೆ ನಿಮ್ಮಜ್ಜಿ ಮೊದ್ಲು ಓಡ್ತಾಳೆ ಬುಡವ್ವ."

"ಓಡೋಳಾಗಿದ್ರೆ ಮದ್ವೆ ದಿನ್ವೇ ಓಡ್ತಿದ್ದೆ" ಅಂದೆ.

ಬರೀ ಕೈ ಎತ್ತಿ ಅಂದರೆ ಎತ್ತದ ಮನುಷ್ಯ, ಹಣ್ಣು ಕಂಡರೆ ಎತ್ತೋಕೆ ನೋಡೋರು. "ಯಾರ್ ತೋಟ್ವೋ, ಕಾವ್ಲವ್ನು ಬಂದ್ರೆ ಒದೀತಾನೆ" ಅಂತ ಗೊಣಗೋರು. ಹಾಗೇ ದಿನಾ ಕೂತು, ತೊಡೆ ಮೇಲಿದ್ದ ಕೈ ಎದೆಗಂಟ ಬಂತು.

ಆಗ ಒಂದು ಬೆಳಗ್ಗೆ, ಇವರು ಡಬ್ಬಿ ಕಟ್ಟಿಕೊಂಡು ಕೂತಿದ್ದಾಗ, ಕಿರುಗಾವಲಿನಿಂದ ಬೀಗರು ಬಂದರು, ನಮ್ಮ ಮಗಳ ಮಾವ. ಹೇಳಿ ಬಂದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಏನ್ ಬೀಗ್ರೇ, ಎಂಗಿದ್ದೀರಿ" ಅಂದರು. ಹೆಣ್ಣು ಕೊಟ್ಟವರು ಬೀಗರನ್ನ ಕೂತುಕೊಂಡು ಮಾತಾಡಿಸಲ್ಲ. ಅದು ಮೈಗೆ ಹತ್ತಿದ್ದು, ಯೋಚನೆ ಮಾಡಿ ಮಾಡೋದಲ್ಲ. ಇವರು ದಡಕ್ಕನೆ ಎದ್ದು, ದನಿ ಬಂದ ಕಡೆ ತಿರುಗಿದರು. ಕಣ್ಣ ಮುಂದೆ ಸೀಬೆ ತೋಟ, ಕಿವಿಯಲ್ಲಿ ಬೀಗರು. ಬಲಗಾಲು ಜೊತೆಗೆ ಬರಲಿಲ್ಲ. ನಾನು ಅಂಗಿ ಹಿಡಿದೆ, ಅಂಗಿ ಹರಿಯಿತು. ಭುಜ ಕಂಬಕ್ಕೆ ಬಡಿದು ಕುಸಿದರು.

ಬಿದ್ದಲ್ಲೇ, "ತಪ್ ತಿಳ್ಕೋಬೇಡಿ ಬೀಗ್ರೇ" ಅಂತಿದ್ದರು. ಬೀಗರು ಹೆದರಿ ನೀರೂ ಮುಟ್ಟಲಿಲ್ಲ.

ಭಾರತೀನಗರಕ್ಕೆ ಆಟೋದಲ್ಲಿ ಕರೆದುಕೊಂಡು ಹೋಗಿ ಎಕ್ಸರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಆದರೆ ಭುಜ ಊದಿ ಕೈ ಮತ್ತೆ ತೊಡೆ ಮೇಲೆ ಬಿತ್ತು. ಊತ ಇಳಿದ ಮೇಲೂ ಡಬ್ಬಿ ಮುಟ್ಟಲಿಲ್ಲ. ನೋವಿಗಲ್ಲ. ಬೀಗರ ಕಾಲ ಮುಂದೆ ಬಿದ್ದೆನಲ್ಲ ಅಂತ. ಎರಡು ತುತ್ತು ತಿಂದು ಸಾಕು ಅನ್ನೋರು. ಹುಡುಗಿ ನನ್ನಿಂದಲೇ ಹೀಗಾಯ್ತು ಅಂತ ಅತ್ತಳು. ಅತ್ತರೆ ಕೈ ಏಳಲ್ಲ ಅಂದೆ.

ಬೀಗರಿಗೆ ಫೋನ್ ಮಾಡಿಸಿ ನಾನೇ ಹೇಳಿದೆ: "ಬೀಳ್ಸಿದ್ದು ನಿಮ್ಗೆ ಕೊಟ್ಟ ಮರ್ವಾದೆ. ನೀವೇ ಬಂದು ಕೂರ್ಸಿ."

ಹಂಗೆ ಮಾತಾಡಬಾರದು, ಹೆಣ್ಣು ಕೊಟ್ಟೋಳು. ಮಾತಾಡಿದೆ. ಮಾರನೇ ದಿನ ಮೊದಲ ಬಸ್ಸಿಗೇ ಬಂದರು. ಇವರು ಕುರ್ಚಿ ಹಿಡಿದು ಏಳೋಕೆ ನೋಡೋದರೊಳಗೆ ಬೀಗರು ಗೋಣಿಚೀಲದ ಅಂಚಲ್ಲಿ, ನೆಲದ ಮೇಲೆ ಕೂತುಬಿಟ್ಟರು. ನಾನು ಚಾಪೆ ತರೋಕೆ ಹೋದರೆ ಬೇಡ ಅಂದರು.

"ಬೀಗ್ರೇ, ನಂಗೆ ಮಂಡಿ ನೋವು. ನೀವ್ ಎದ್ರೆ ನಾನೂ ಏಳ್ಬೇಕು. ಆ ಪಾಪ ನಿಮ್ಗ್ಯಾಕೆ. ಕಟ್ಕೊಳಿ ಅದ್ನ."

ಇವರು ಮತ್ತೆ ಕುರ್ಚಿಗೆ ಒರಗಿದರು. ಆಮೇಲೆ ನನ್ನ ಕಡೆ ತಲೆ ಬಗ್ಗಿಸಿದರು. ಕಟ್ಟಿದೆ. ಬೀಗರು ಕೆಳಗೆ ಕೂತು ಕಬ್ಬು, ನೀರು, ಮಳೆ ಮಾತಾಡುತ್ತಿದ್ದರು. ಇವರು ಮೇಲೆ ಹಣ್ಣು ಕೀಳುತ್ತಿದ್ದರು. ಅವತ್ತಿಂದ ಯಾರೇ ಬರಲಿ, ಡಬ್ಬಿ ಕಟ್ಟೋ ಹೊತ್ತಲ್ಲಿ ಬಾಗಿಲು ಹಾಕಿದ್ದರೆ ಜಗಲಿಯಲ್ಲೇ ಕೂರಬೇಕು ಅಂತ ಮಾಡಿದೆ. ಬೇಜಾರಾದವರು ಆದರು.

ಕೈ ಈಗ ಬಾಯಿಗಂಟ ಬರುತ್ತೆ. ಬೆರಳಿಗೆ ಮುದ್ದೆ ಮುರಿಯೋ ಶಕ್ತಿ ಬಂದಿಲ್ಲ, ಇನ್ನು ಬರೋದೂ ಕಷ್ಟ ಅಂತ ಹುಡುಗಿ ಮುಚ್ಚಿಡದೆ ಹೇಳಿದ್ದಾಳೆ. ನಾನು ಸಣ್ಣಗೆ ಮುರಿದು ಸಾರಲ್ಲಿ ಇಡ್ತೀನಿ, ಅವರು ಎತ್ತಿಕೊಳ್ತಾರೆ. ಅರ್ಧ ಸಾರು ಎದೆ ಮೇಲೆ ಸುರಿಯುತ್ತೆ. ಒರೆಸೋಕೆ ಹೋದರೆ ಬೈತಾರೆ.

ಮೊನ್ನೆ ಬೀಗರು ಬಂದಾಗ ಇವರೂ ಪಕ್ಕದಲ್ಲೇ ಕೂತು ಉಂಡರು. ಒಂದೊಂದು ತುತ್ತಿಗೂ ಬಹಳ ಹೊತ್ತಾಯ್ತು. ಬೀಗರದು ಎಂದೋ ಮುಗಿದಿತ್ತು, ಎಲೆ ಮುಂದೆ ಕೈ ಒಣಗಿಸಿಕೊಂಡು ಕೂತೇ ಇದ್ದರು. ತಲೆ ಎತ್ತಿ ಇವರ ಕಡೆ ನೋಡಲಿಲ್ಲ. ಇವರು ಪೂರ್ತಿ ಮುದ್ದೆ ಉಂಡರು.