ಲಾರಿಯಿಂದ ಇಳಿದ ಗಂಟು

ಕಮಲಾಪುರದ ಅಂಬಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ತೊಂಬತ್ತಾರರ ನವೆಂಬರಿನಲ್ಲಿ ಆಂಧ್ರದ ಕಡಲ ದಂಡೆಗೆ ಬಿರುಗಾಳಿ ಬಡಿದು ಊರಿಗೆ ಊರೇ ನೀರುಪಾಲಾದ ಸುದ್ದಿ ರೇಡಿಯೋದಲ್ಲಿ ಬಂದದ್ದೇ ತಡ, ಓಣಿಯ ಮನೆಮನೆ ತುಳಿದಳು.

"ಒಣ ಕಟಗಿ ಇಲ್ಲದ ಮಂದಿಗಿ ಬರೇ ಅಕ್ಕಿ ಕಳಿಸಿ ಏನ್ ಮಾಡ್ತೀರಿ? ಖಡಕ್ ರೊಟ್ಟಿ ಬಡೀರಿ."

ನಾಲ್ಕು ದಿನ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಒಣಗಿದ ಜೋಳದ ರೊಟ್ಟಿ ತಿಂಗಳು ಕಳೆದರೂ ಕೆಡದು. ಹಸಿ ಉಳಿದದ್ದು ಒಂದಿದ್ದರೆ ಇಡೀ ಚೀಲಕ್ಕೆ ಬೂಸು ಹಿಡಿದೀತು. ಅಂಬಮ್ಮ ಪ್ರತಿ ಮನೆಯ ರೊಟ್ಟಿ ಮುರಿದು ಕಿವಿಗೊಟ್ಟಳು. ಟಕ್ ಎನ್ನದಿದ್ದರೆ ತಿರುಗಿ ಹಂಚಿಗೆ.

"ಭಾಗಮ್ಮಾ, ಇದು ರೊಟ್ಟೀನೋ ಒದ್ದಿ ಅರಿವೀನೋ?" ಎಂದು ನೆರೆಮನೆಯವಳನ್ನು ಎಲ್ಲರೆದುರು ಜರಿದಳು.

ಊರೆಲ್ಲ ತಿರುಗಿದವಳಿಗೆ ತನ್ನ ಒಲೆ ನೆನಪಾದದ್ದು ಪರಿಹಾರದ ಲಾರಿ ಹೊರಡುವ ದಿನ ಬೆಳಿಗ್ಗೆ. ಗಡಿಬಿಡಿಯಲ್ಲಿ ಮೂವತ್ತು ಬಡಿದಳು. ಒಣಗಿಸಲು ಹೊತ್ತಿಲ್ಲ. ತನ್ನ ಮನೆಯದೇ ಇಲ್ಲದಿದ್ದರೆ ಮಂದಿ ಏನಂದಾರು? ದಾರಿಯ ಗಾಳಿಗೆ ಆರುತ್ತವೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಗಂಟು ಕಟ್ಟಿ ಭಾಗಮ್ಮನ ರೊಟ್ಟಿಯ ಚೀಲಕ್ಕೇ ತುರುಕಿದಳು.

ಕಲಬುರ್ಗಿಯ ನೆಹರು ಗಂಜಿನ ಪೇಟೆಯಲ್ಲಿ ಲಾರಿಗೆ ತೊಗರಿಬೇಳೆ, ಚಾದರಗಳ ಮೇಲೆ ರೊಟ್ಟಿಯ ಚೀಲ ಏರಿದವು. ಡ್ರೈವರ್ ಅಲ್ಲಾವುದ್ದೀನ್ ತಾಡಪತ್ರಿ ಹೊದಿಸಿ ಹಗ್ಗ ಬಿಗಿದ. ಅಂಬಮ್ಮ ಲಾರಿಗೆ ಎರಡು ಸುತ್ತು ಹಾಕಿದಳು, ಮೂರನೆಯದು ಹಾಕಲಾರದೆ ನಿಂತಳು.

"ಹಗ್ಗ ಬಿಚ್ಚಪಾ."

"ಅರೇ ಅಮ್ಮಾ, ಈಗರೆ ಕಟ್ಟೀನಿ! ಅದರಾಗ ಬಂಗಾರ ಮರ್ತೀರೇನ್ರಿ?"

"ಬಿಚ್ಚಂದ್ರ ಬಿಚ್ಚು."

ಕೆಳಗಿಳಿಸಿದ ಗಂಟು ಇನ್ನೂ ಬೆಚ್ಚಗಿತ್ತು. ಒಂದು ರೊಟ್ಟಿ ಮುರಿಯಹೋದಳು, ಬಾಗಿತು, ಸದ್ದಿಲ್ಲ.

ಚೀಲಗಳ ಜೊತೆ ಬಂದಿದ್ದ ಭಾಗಮ್ಮ ಕೇಳಿದಳು: "ಯಾರ ಮನೀದು?"

"ನಂದು."

"ಹಂಗಾರ ಮನಿಗೊಯ್ದು ಒದ್ದಿ ಅರಿವಿ ಒಣಾಕ ಹಾಕ್ರಿ, ಯಕ್ಕಾ."

ಲಾರಿ ಹೋಯಿತು, ಅಂಬಮ್ಮನ ಕಳವಳ ಹೋಗಲಿಲ್ಲ. ತನ್ನ ಗಂಟಿನ ಹಬೆ ಭಾಗಮ್ಮನ ರೊಟ್ಟಿಗೆ ತಾಗಿದ್ದರೆ? ಹನ್ನೆರಡನೆಯ ದಿನ ಲಾರಿ ಮರಳಿತೆಂದು ಕೇಳಿ ಗಂಜಿನ ಪೇಟೆಗೆ ಓಡಿ, ಖಾಲಿ ಚೀಲಗಳಲ್ಲಿ ಒಂದೊಂದಾಗಿ ಮುಖ ಹಾಕಿ ಮೂಸಿದಳು. ಬರೀ ಜೋಳದ ವಾಸನೆ.

"ತಿಂದ್ರೇನಪಾ?"

"ಮೊದಲ ಹಪ್ಪಳ ಅಂತ ತಿಳದ್ರು," ಅಲ್ಲಾವುದ್ದೀನ್ ನಕ್ಕ. "ಆಮ್ಯಾಲ ಬ್ಯಾಳಿ ಕಟ್ಟಿನಾಗ ಅದ್ದಿ ತಿಂದ್ರು. ಇನ್ನೂ ಬೇಕಂತ. ನಾಕು ದಿನಕ್ಕ ಮತ್ತ ಹೊಂಟೀನಿ."

ಅಂಬಮ್ಮ ಊರು ಸೇರಿದ್ದೇ ಮೊದಲು ತನ್ನ ಒಲೆ ಹಚ್ಚಿದಳು. ಮೂರನೆಯ ದಿನ, ಒಣಗಿ ನಿಂತ ರೊಟ್ಟಿ ಎತ್ತಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದಳು.

"ಭಾಗಮ್ಮಾ, ಈ ಸಲ ನನ್ನವು ನೀ ಮುರದು ನೋಡು."