ರೆಕಾರ್ಡಿನ ಮೇಲಿಲ್ಲದ ಮಾಸ್ಟ್ರು

ಕಳೆದ ವಾರ ಕೊರಿಯರ್‌ನಲ್ಲಿ ಬಂದ ಹೊಸ ರೆಕಾರ್ಡಿನ ಪ್ಲಾಸ್ಟಿಕ್ ಸುತ್ತು ಬಿಚ್ಚಿದೆ. ಅದನ್ನು ಹಾಕಲು ನಮ್ಮ ಮನೆಯಲ್ಲಿ ಯಂತ್ರವಿಲ್ಲ. ಮಗಳು ಅದರಲ್ಲಿನ ಒಂದು ಟ್ಯೂನನ್ನು ಮೊಬೈಲಿನಲ್ಲಿ ಕೇಳಿಸಿದಳು. ಸ್ಯಾಕ್ಸೊಫೋನ್ ಶುರುವಾದದ್ದೇ ತಡ, ನಮ್ಮ ಮಾಸ್ಟ್ರು ನೆನಪಾದರು…

ಬಂಗಾರಪೇಟೆಯ ಮದುವೆ ಬ್ಯಾಂಡಿನಲ್ಲಿ ಅವರದು ಸ್ಯಾಕ್ಸೊಫೋನ್, ನನ್ನದು ಡ್ರಮ್ಮು. ಪ್ರಾಯದಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಸಾಹೇಬರ ಕ್ಲಬ್ಬಿನ ಡಾನ್ಸಿಗೆ ಜಾಝ್ ನುಡಿಸಿದವರು. ಅಲ್ಲಿನ ದಪ್ಪ ಕರಿ ರೆಕಾರ್ಡುಗಳನ್ನು ಕೇಳಿ ಕೇಳಿಯೇ ಕಲಿತರಂತೆ. ನಮ್ಮ ಬ್ಯಾಂಡಿಗೆ ಬಂದ ಮೇಲೆ ಜನ ಕೇಳಿದ ಸಿನಿಮಾ ಹಾಡನ್ನೆಲ್ಲ ಮುಖ ಗಂಟಿಕ್ಕದೆ ಊದುತ್ತಿದ್ದರು. ಆದರೆ ವರನನ್ನು ಎದುರುಗೊಳ್ಳಲು ಹೆಣ್ಣಿನ ಕಡೆಯವರು ಬರುವುದು ಯಾವತ್ತೂ ತಡ. ಆ ಹೊತ್ತು ಮಾಸ್ಟ್ರದು. ತಾವೇ ಕಟ್ಟಿದ ಒಂದು ನಿಧಾನದ ಟ್ಯೂನು ತೆಗೆಯುತ್ತಿದ್ದರು. ಅದು ಒಂದು ಮದುವೆಯಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ.

ಅದಕ್ಕೆ ಡ್ರಮ್ಮಿನ ಕೋಲು ಕೂಡದು. ಪೊರಕೆ ಕಡ್ಡಿಗಳನ್ನು ಕಟ್ಟಿ ನನ್ನ ಕೈಗೆ ಕೊಟ್ಟು, ಮೆಲ್ಲಗೆ ಸವರು ಎಂದಿದ್ದರು. ಶುಭಕಾರ್ಯಕ್ಕೆ ಪೊರಕೆ ತಂದಿದ್ದೇವೆಂದು ಹುಡುಗಿಯ ಸೋದರಮಾವನೊಬ್ಬ ರಂಪ ಮಾಡಿದ. ಮುಂದಿನ ಮದುವೆಗೆ ಮಾಸ್ಟ್ರು ಕಡ್ಡಿಗಳಿಗೆಲ್ಲ ಅರಿಶಿನ ಹಚ್ಚಿ ತಂದರು, ಯಾರೂ ಸೊಲ್ಲೆತ್ತಲಿಲ್ಲ.

“ಡ್ರಮ್ಮು ಓಡೋದ್ ಬ್ಯಾಡ ತಂಬಿ, ನನ್ ಪಕ್ಕ ನಡ್ಕಂಡ್ ಬರ್ಲಿ,” ಅನ್ನುತ್ತಿದ್ದರು.

ನಾನು ತಂಬಿ, ಅವರು ಮಾಸ್ಟ್ರು. ಹಾಗೆ ಕರೆದುಕೊಂಡೇ ವರ್ಷಗಳು ಕಳೆದುಹೋದವು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ನಾನೊಂದು ಮೆರವಣಿಗೆಯಲ್ಲಿ ಬಾರಿಸುತ್ತಿದ್ದೆ…

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಜಾಝ್ ಹುಡುಗರು ಕೆಜಿಎಫ್‌ನ ಹಳೆಯ ಸಂಗೀತ ಹುಡುಕಿಕೊಂಡು ನಮ್ಮ ಮನೆಗೆ ಬಂದರು. ನಾನು ಆ ಟ್ಯೂನನ್ನು ಗುನುಗಿ, ಪೊರಕೆ ಕಡ್ಡಿಯಲ್ಲಿ ಲಯ ತೋರಿಸಿದೆ. ಹುಡುಗರು ಕುಣಿದಾಡಿಬಿಟ್ಟರು. ಇದನ್ನು ಕಟ್ಟಿದವರ ಹೆಸರೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಷ್ಟು ಕಾಲ ಜೊತೆಗಿದ್ದವರ ಹೆಸರೇ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಇಲ್ಲೆಲ್ಲ ನುಡಿಸುತ್ತಿದ್ದ ಹಳೇ ಟ್ಯೂನು ಎಂದುಬಿಟ್ಟೆ. ನನ್ನ ಹೆಸರನ್ನು ಮಾತ್ರ ತಪ್ಪಾಗದಿರಲೆಂದು ಬಿಡಿಸಿ ಬಿಡಿಸಿ ಹೇಳಿದೆ.

ಈಗ ಅವರು ಕಳಿಸಿದ ರೆಕಾರ್ಡಿನ ಹಿಂಬದಿಯಲ್ಲಿ ಆ ಟ್ಯೂನಿಗೆ ‘ಕೋಲಾರದ ಜನಪದ ಧಾಟಿ’ ಎಂದಿದೆ. ಅದರ ಕೆಳಗೆ ನನ್ನ ಹೆಸರಿದೆ. ನೋಡಿದಾಗಲೆಲ್ಲ ಕಳ್ಳನಾದೆ ಅನ್ನಿಸುತ್ತದೆ.

ನಿನ್ನೆ ರೈಲಿನಲ್ಲಿ ಕೆಜಿಎಫ್‌ನ ಊರಿಗಾಂಗೆ ಹೋಗಿ, ಅಲ್ಲಿಂದ ನಂದಿದುರ್ಗ ಗಣಿಯ ಕೂಲಿ ಲೈನುಗಳಿಗೆ ನಡೆದೆ. ಹೆಸರು ಸಿಕ್ಕರೆ ಹುಡುಗರಿಗೆ ಹೇಳಿ ತಿದ್ದಿಸಬಹುದು ಎಂಬ ಆಸೆ. ಮಾಸ್ಟ್ರಿದ್ದ ಮನೆಯಲ್ಲಿ ಯಾರೋ ಹೊಸಬರು. ಪಕ್ಕದ ಮನೆಯ ಅಜ್ಜಿಗೆ ಮಾತ್ರ ಅವರ ನೆನಪಿತ್ತು, ಅವರು ಸಂಜೆ ಹೊತ್ತು ಊದುತ್ತಿದ್ದುದೂ ನೆನಪಿತ್ತು. ಹೆಸರೇನೆಂದು ಕೇಳಿದೆ.

“ಎಸ್ರು ನಮ್ಗೆಂಗ್ ಗೊತ್ತಪ್ಪಾ? ಬಂಗಾರ್‌ಪೇಟೇಲಿ ನಮ್ ತಂಬಿ ಅವ್ನೆ, ನನ್ ವಿಚಾರ ಎಲ್ಲಾ ಅವನ್ಗೆ ಗೊತ್ತು ಅಂತಿದ್ರು. ಅವ್ನನ್ನ ಕೇಳ್ನೋಡು.”

ಆ ತಂಬಿ ನಾನೇ. ಕೇಳುತ್ತೇನಜ್ಜಿ ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದೆ.