ಬೇಲಿ ಉಳಿಸಿದ ಗದ್ದೆ

ಶಾಲೆಯ ದಾರಿ ಅಗಲ ಮಾಡಲು ಬಂದ ಜೆಸಿಬಿ ಮುಂದೆ ಗೌರಮ್ಮ ಹೋಗಿ ನಿಂತುಬಿಟ್ಟರು. ಹೆತ್ತೂರು ಬಳಿಯ ನಮ್ಮೂರಿನವರೆಲ್ಲ ಸೇರಿ ಆ ದಾರಿಯುದ್ದಕ್ಕೂ ನೇರಳೆ, ನೆಲ್ಲಿ, ಸೀಬೆ ಗಿಡಗಳ ಬೇಲಿ ಬೆಳೆಸಿದ್ದೆವು. ಅದನ್ನು ಕೀಳದೆ ಆಗದು ಎಂದು ಗುತ್ತಿಗೆದಾರ ಹೇಳಿದಾಗ ನಾವು ಗಂಡಸರೆಲ್ಲ ಆಗಲಿ ಎಂದು ತಲೆಯಾಡಿಸಿದ್ದೆವು.

ಗೌರಮ್ಮ ದಾರಿಯ ಇನ್ನೊಂದು ಬದಿಗೆ ಕೈ ತೋರಿಸಿದರು. ಎಸ್ಟೇಟ್ ಕೂಲಿಗೆ ಹೋಗುವ ಅವರಿಗಿದ್ದ ಒಂದೇ ಗದ್ದೆ ಅಲ್ಲಿತ್ತು.

“ಈ ಕಡೆ ಎಷ್ಟು ಬೇಕೋ ತಗೊಳಪ್ಪ. ಗದ್ದೆ ನನ್ನೊಬ್ಬಳ್ದು, ಬೇಲಿ ಊರೋರೆಲ್ರುದು.”

ಗುತ್ತಿಗೆದಾರ ಜೆಸಿಬಿಯನ್ನು ಹಿಂದಕ್ಕೆ ತೆಗೆಸಿದ.

ಈಗ ರಸ್ತೆ ಅಲ್ಲಿ ಗದ್ದೆಯ ಕಡೆಗೆ ಸ್ವಲ್ಪ ಬಾಗಿದೆ. ಈ ವರ್ಷ ಮಕ್ಕಳು ಬೇಲಿಯ ಸೀಬೆ ತಿನ್ನುತ್ತಾ ಶಾಲೆಗೆ ಹೋದರು. ಮಂಗಳೂರಿನ ನೆಂಟರು ಬಂದಾಗಲೆಲ್ಲ ಆ ತಿರುವಿನಲ್ಲಿ ಕಾರು ನಿಲ್ಲಿಸಿ, ಗೌರಮ್ಮನ ವಿಷಯ ಹೇಳದೆ ನಾನು ಮುಂದೆ ಹೋಗುವುದಿಲ್ಲ.